ಮುಂಗುಸಿ ನುಸುಳಿದ ನಾಟಕ

ಒಂದು ಕ್ಷಣ ಉಸಿರು ಸಾಲದೆ ಹೋದದ್ದಕ್ಕೆ ಎರಡು ಸಾವಿರದ ನಾನೂರು ವರ್ಷದಿಂದ ನಗೆಪಾಟಲಾಗುತ್ತಿರುವ ನಟನೊಬ್ಬನಿದ್ದಾನೆ. ಹೆಸರು ಹೆಗೆಲೊಕಸ್. ಜಾಗ ಅಥೆನ್ಸ್, ಕ್ರಿ.ಪೂ. 408ರ ವಸಂತ. ನಾಟಕ ಯೂರಿಪಿಡೀಸನ ‘ಒರೆಸ್ಟೀಸ್’. ಹೆತ್ತ ತಾಯಿಯನ್ನೇ ಕೊಂದ ಒರೆಸ್ಟೀಸನಿಗೆ ಆ ಪಾಪ ಮಾರಿಯರಂತೆ ಬೆನ್ನುಹತ್ತಿ ಹುಚ್ಚು ಹಿಡಿಸಿದೆ. ಹಾಸಿಗೆಯಲ್ಲಿ ಹೊರಳಾಡಿ, ಯಾರಿಗೂ ಕಾಣದ ಶತ್ರುಗಳ ಮೇಲೆ ಕೂಗಾಡಿ, ಈಗಷ್ಟೇ ಎಚ್ಚರಕ್ಕೆ ಮರಳುತ್ತಿದ್ದಾನೆ. ಪಕ್ಕದಲ್ಲಿ ಅಕ್ಕ ಎಲೆಕ್ಟ್ರಾ. ಬಯಲಿನಲ್ಲಿ ಸಾವಿರಾರು ಜನ ಗಪ್‌ಚಿಪ್ ಕೂತಿದ್ದಾರೆ.

ಬಿರುಗಾಳಿ ಇಳಿದು ಕಡಲು ಶಾಂತವಾಯಿತು ಎಂಬರ್ಥದ ಮಾತು ಈಗ ಅವನ ಬಾಯಲ್ಲಿ ಬರಬೇಕು. ಶಾಂತ ಕಡಲಿಗೆ ಗ್ರೀಕಿನಲ್ಲಿ ‘ಗಲೇನ’. ಮುಂದಿನ ಪದ ಬಂದು ಕೂಡುವಾಗ ಕೊನೆಯ ‘ಅ’ ಬಿದ್ದುಹೋಗಿ ‘ಗಲೇನ್’ ಆಗುತ್ತದೆ, ನಮ್ಮ ಲೋಪಸಂಧಿಯ ಹಾಗೆ. ದನಿಯನ್ನು ಏರಿಸಿ, ಉಸಿರು ಒಡೆಯದೆ ಮುಂದಿನ ಪದಕ್ಕೆ ದಾಟಬೇಕು. ದನಿ ಏರಿ ಅಲ್ಲೇ ಇಳಿದರೆ ಅರ್ಥ ಬೇರೆ: ಇಲಿ ಹಿಡಿಯಲೆಂದು ಅಲ್ಲಿನ ಮನೆಗಳಲ್ಲಿ ಬಿಟ್ಟುಕೊಂಡಿರುತ್ತಿದ್ದ, ನೋಡಲು ನಮ್ಮ ಮುಂಗುಸಿಯಂತಿರುವ ಒಂದು ಪ್ರಾಣಿ. ಹೆಗೆಲೊಕಸನ ಉಸಿರು ಸರಿಯಾಗಿ ಅಲ್ಲೇ ಕೈಕೊಟ್ಟಿತು. ಬಿರುಗಾಳಿ ಇಳಿದ ಮೇಲೆ ಒರೆಸ್ಟೀಸನಿಗೆ ಮುಂಗುಸಿ ಕಂಡಿತು.

ಹಾಸ್ಯ ನಾಟಕ ಬರೆಯುವವರಿಗೆ ಇಷ್ಟು ಸಾಕಾಯಿತು. ಮೂರು ವರ್ಷದ ನಂತರ ಅರಿಸ್ಟೋಫೆನಿಸ್ ತನ್ನ ‘ಕಪ್ಪೆಗಳು’ ನಾಟಕದಲ್ಲಿ ಹೆಗೆಲೊಕಸನ ಹೆಸರೆತ್ತಿಯೇ ಕಾಲೆಳೆದ. ಸ್ಟ್ರಾಟಿಸ್, ಸ್ಯಾನಿರಿಯಾನ್ ಎಂಬ ಇನ್ನಿಬ್ಬರೂ ಬಿಡಲಿಲ್ಲ. ಅವರಿಬ್ಬರ ಒಂದು ನಾಟಕವೂ ಇಡಿಯಾಗಿ ನಮಗೆ ಸಿಕ್ಕಿಲ್ಲ. ಅಳಿದುಳಿದ ಚೂರುಪಾರಿನಲ್ಲಿ ಈ ಗೇಲಿಯೂ ಇದೆ.

ನನಗೆ ಕುತೂಹಲ ನಟನ ಮೇಲಲ್ಲ, ಕೂತವರ ಮೇಲೆ. ಮೈಕಿಲ್ಲ, ಛಾವಣಿಯಿಲ್ಲ, ನಾಲ್ಕು ಗೋಡೆಯಿಲ್ಲ. ಆದರೂ ಒಂದು ಅಕ್ಷರದ ಮೇಲೆ ದನಿ ಏರಿತೋ ಇಳಿಯಿತೋ ಎಂಬುದು ಗುಡ್ಡದ ಮೇಲೆ ಕೂತವನ ಕಿವಿಗೂ ಬಿತ್ತು. ಬಿದ್ದದ್ದಷ್ಟೇ ಅಲ್ಲ, ಮೂರು ವರ್ಷ ಅಲ್ಲೇ ಉಳಿಯಿತು. ಇಲ್ಲದಿದ್ದರೆ ಅರಿಸ್ಟೋಫೆನಿಸನ ಗೇಲಿಗೆ ನಗುವವರು ಯಾರು? ಪ್ರಾಚೀನ ಗ್ರೀಕ್ ರಂಗಭೂಮಿ ಎಂದರೆ ಮುಖವಾಡದ ಚಿತ್ರ ತೋರಿಸುವುದು ರೂಢಿ. ಅಲ್ಲಿ ನಾಟಕ ನಡೆಯುತ್ತಿದ್ದದ್ದು ಹೆಚ್ಚಾಗಿ ಕಿವಿಯಲ್ಲಿ.

ಆ ಬೆಳಗಿನ ಹತ್ತಿರ ಹೋಗಿ ನಿಲ್ಲೋಣ. ಅಕ್ರೊಪೊಲಿಸ್ ಗುಡ್ಡದ ದಕ್ಷಿಣದ ಇಳಿಜಾರು. ಚಳಿಗಾಲ ಮುಗಿದು ಹಡಗುಗಳು ಮತ್ತೆ ಓಡಾಡುವ ಕಾಲ, ನಮ್ಮ ಲೆಕ್ಕದಲ್ಲಿ ಮಾರ್ಚ್ ಮುಗಿಯುವ ಹೊತ್ತು. ಡಯೋನೈಸಸ್ ದೇವರ ಉತ್ಸವ ನಡೆದಿದೆ. ಬಳ್ಳಿಯ, ಮದಿರೆಯ, ಮೈಮರೆವಿನ ದೇವರು ಅವನು. ಮರದಲ್ಲಿ ಕೆತ್ತಿದ ದೊಡ್ಡ ದೊಡ್ಡ ಲಿಂಗಗಳನ್ನು ಹೊತ್ತ ಮೆರವಣಿಗೆ ಆಗಿದೆ, ಹೋರಿಗಳ ಬಲಿ ಆಗಿದೆ, ಮಾಂಸ ಹಂಚಿದ್ದಾಗಿದೆ. ಇನ್ನು ನಾಟಕದ ದಿನಗಳು. ಸೂರ್ಯ ಹುಟ್ಟುವ ಮುಂಚೆಯೇ ಜನ ಗುಡ್ಡ ಏರಿ ಮರದ ಹಲಗೆಗಳ ಮೇಲೆ ಜಾಗ ಹಿಡಿಯುತ್ತಾರೆ. ಇಂದು ಪ್ರವಾಸಿಗರು ನೋಡುವ ಕಲ್ಲಿನ ಮೆಟ್ಟಿಲು ಆಗಿನ್ನೂ ಬಂದಿಲ್ಲ; ಅದು ಮುಂದಿನ ಶತಮಾನದಲ್ಲಿ ಲೈಕರ್ಗಸ್ ಎಂಬ ಆಡಳಿತಗಾರ ಮಾಡಿಸಿದ್ದು. ಈಸ್ಕಿಲಸ್, ಸೋಫೋಕ್ಲಿಸ್, ಯೂರಿಪಿಡೀಸರ ಯಾವ ನಾಟಕವನ್ನೂ ಬರೆದವರು ಬದುಕಿದ್ದಾಗ ಯಾರೂ ಆ ಕಲ್ಲಿನ ಮೇಲೆ ಕೂತು ನೋಡಲಿಲ್ಲ.

ಕೆಳಗೆ ಗಟ್ಟಿಸಿದ ಮಣ್ಣಿನ ಕಣ. ಅದಕ್ಕೆ ‘ಆರ್ಕೆಸ್ಟ್ರಾ’ ಎಂದು ಹೆಸರು, ಕುಣಿಯುವ ಜಾಗ ಎಂದರ್ಥ. ವಾದ್ಯಗಾರರ ಗುಂಪಿಗೆ ಆ ಹೆಸರು ಅಂಟಿಕೊಂಡದ್ದು ಎಷ್ಟೋ ಶತಮಾನದ ನಂತರ. ಕಣದಾಚೆ ಮರದ ಒಂದು ಮನೆ. ಅದು ‘ಸ್ಕೀನೆ’, ಎಂದರೆ ಗುಡಾರ. ನಾವು ದಿನಕ್ಕೆ ಹತ್ತು ಸಲ ಹೇಳುವ ‘ಸೀನ್’ ಹುಟ್ಟಿದ್ದು ಬಟ್ಟೆ ಬದಲಾಯಿಸುವ ಈ ಗುಡಾರದಿಂದ. ಗುಡಾರದಾಚೆ ಬಯಲು, ಬಯಲಿನಾಚೆ ಸಮುದ್ರ. ಕೂತವರ ಎಡಗಡೆಯಿಂದ ಬಿಸಿಲು ಏರುತ್ತದೆ. ಬೆಳಕು ಆರಿಸುವ ಸೌಕರ್ಯವಿಲ್ಲದ ನಾಟಕವಿದು. ರಾತ್ರಿಯ ದೃಶ್ಯ ಬಂದರೂ ಬಿಸಿಲಿನಲ್ಲೇ. ರಾತ್ರಿಯಾಗಿದೆ ಎಂದು ಪಾತ್ರ ಹೇಳಿದರೆ ರಾತ್ರಿಯಾಯಿತು.

ಮೊದಲು ಹಂದಿಮರಿಯ ಬಲಿ ಕೊಟ್ಟು ಜಾಗ ಶುದ್ಧಿ. ಆಮೇಲೆ ದೇವರಿಗೆ ಮದ್ಯದ ತರ್ಪಣ. ಆ ಶತಮಾನದಲ್ಲಿ ನಾಟಕಕ್ಕೆ ಮುಂಚೆ ಇನ್ನೂ ಒಂದು ಸಾಲು ಕಣಕ್ಕೆ ಬರುತ್ತಿತ್ತು: ಯುದ್ಧದಲ್ಲಿ ತಂದೆಯನ್ನು ಕಳೆದುಕೊಂಡು ಊರಿನ ಖರ್ಚಿನಲ್ಲಿ ಬೆಳೆದ ಹುಡುಗರು, ವಯಸ್ಸಿಗೆ ಬಂದ ವರ್ಷ, ಊರೇ ಕೊಟ್ಟ ಕವಚ ತೊಟ್ಟು ನಡೆಯುತ್ತಿದ್ದರು. ಆ ಹುಡುಗರು ದಾಟಿಹೋದ ಮಣ್ಣಿನ ಮೇಲೆಯೇ ಯೂರಿಪಿಡೀಸ್ ಯುದ್ಧ ಗೆದ್ದವರ ಕ್ರೌರ್ಯವನ್ನು ಆಡಿ ತೋರಿಸಿದ ಎಂಬುದು ನನಗೆ ಈಗಲೂ ಪೂರ್ತಿ ಅರಗಿಲ್ಲ. ಹೆಂಗಸರೂ ಬಂದು ಕೂರುತ್ತಿದ್ದರೇ? ವಿದ್ವಾಂಸರು ಈ ಬಗ್ಗೆ ಇನ್ನೂ ಜಗಳವಾಡುತ್ತಿದ್ದಾರೆ. ರಂಗದ ಮೇಲಂತೂ ಇರಲಿಲ್ಲ. ಎಲೆಕ್ಟ್ರಾ, ಮೀಡಿಯಾ, ಆಂಟಿಗನಿ ಎಲ್ಲರೂ ಗಂಡಸರೇ.

ಇದೆಲ್ಲ ಶುರುವಾದದ್ದು ಹಾಡಿನಿಂದ. ಡಯೋನೈಸಸನನ್ನು ಹೊಗಳಿ ಐವತ್ತು ಜನ ಸುತ್ತುಗಟ್ಟಿ ಹಾಡಿ ಕುಣಿಯುವ ಮೇಳಗೀತ ಇತ್ತು. ಅದನ್ನು ಮುನ್ನಡೆಸುತ್ತಿದ್ದವರಿಂದ ರುದ್ರನಾಟಕ ಹುಟ್ಟಿತು ಎನ್ನುತ್ತಾನೆ ಅರಿಸ್ಟಾಟಲ್. ಮೇಳದಿಂದ ಒಬ್ಬ ಹೊರಗೆ ಬಂದು ಹಾಡಿಗೆ ಮಾತಿನಲ್ಲಿ ಎದುರು ನಿಂತ. ಸಂಪ್ರದಾಯ ಅವನಿಗೆ ಥೆಸ್ಪಿಸ್ ಎಂದು ಹೆಸರು ಕೊಟ್ಟಿದೆ, ಕ್ರಿ.ಪೂ. 534ರ ಸುಮಾರು ಎಂದು ಕಾಲವನ್ನೂ ಕೊಟ್ಟಿದೆ. ನಟನಿಗೆ ಗ್ರೀಕರು ಇಟ್ಟ ಪದ ‘ಹುಪೊಕ್ರಿಟೆಸ್’, ಉತ್ತರ ಕೊಡುವವನು. ವೇಷ ಹಾಕುವವನು ಎಂದಲ್ಲ. ಕೇಳಿಸಿಕೊಂಡವನು ತಾನೇ ಉತ್ತರ ಕೊಡಬೇಕಾದದ್ದು? ‘ಟ್ರಾಜೆಡಿ’ಯ ಮೂಲ ಪದಕ್ಕಂತೂ ಆಡಿನ ಹಾಡು ಎಂದರ್ಥ. ಆಡು ಬಹುಮಾನವಾಗಿತ್ತೋ, ಬಲಿಯಾಗಿತ್ತೋ, ಈ ಬಗ್ಗೆ ಒಬ್ಬೊಬ್ಬರದು ಒಂದೊಂದು ವಾದ.

ಎರಡನೆಯ ನಟನನ್ನು ತಂದವನು ಈಸ್ಕಿಲಸ್, ಮೂರನೆಯವನನ್ನು ತಂದವನು ಸೋಫೋಕ್ಲಿಸ್. ಅಲ್ಲಿಗೆ ನಿಂತಿತು. ರಾಜ, ರಾಣಿ, ದೂತ, ದಾದಿ, ಕುರುಡ ಜೋಯಿಸ, ದೇವರು ಎಲ್ಲರನ್ನೂ ಮೂರೇ ಜನ ಹಂಚಿಕೊಳ್ಳಬೇಕು. ಮುಖವಾಡ ಬದಲಾದರೆ ಆಳು ಬದಲಾದ. ಯೂರಿಪಿಡೀಸನ ‘ಬ್ಯಾಕೇ’ ನಾಟಕದಲ್ಲಿ ಈ ಕಟ್ಟಳೆ ಎಲ್ಲಿಗೆ ಮುಟ್ಟುತ್ತದೆ ನೋಡಿ. ಡಯೋನೈಸಸನನ್ನು ಧಿಕ್ಕರಿಸಿದ ದೊರೆ ಪೆಂಥಿಯಸನನ್ನು ಅವನ ತಾಯಿ ಅಗಾವಿಯೇ ಮೈಮರೆತು ಸಿಂಹವೆಂದು ಭ್ರಮಿಸಿ ಸೀಳಿಹಾಕುತ್ತಾಳೆ, ಮಗನ ತಲೆ ಹಿಡಿದು ಹೆಮ್ಮೆಯಿಂದ ಬರುತ್ತಾಳೆ. ಪಾತ್ರಗಳ ಹಂಚಿಕೆ ಲೆಕ್ಕ ಹಾಕಿದರೆ ತಾಯಿ ಮಗ ಇಬ್ಬರನ್ನೂ ಬಹುಶಃ ಒಬ್ಬನೇ ನಟ ಆಡಿರಬೇಕು. ಹಾಗಾದರೆ ಅವಳ ಕೈಯಲ್ಲಿದ್ದ ತಲೆ ಆ ನಟನೇ ಸ್ವಲ್ಪ ಹೊತ್ತಿನ ಮುಂಚೆ ತೊಟ್ಟಿದ್ದ ಮುಖವಾಡ. ಇಂಥದ್ದನ್ನು ನಾಟಕಕಾರ ಬೇಕೆಂದೇ ಮಾಡಿದನೋ, ಮೂರು ಜನರ ಕಟ್ಟಳೆಯಿಂದ ತಾನಾಗಿ ಒದಗಿತೋ! ಬೇಕೆಂದೇ ಮಾಡಿದ ಎಂದು ನಂಬುವುದು ನನಗೆ ಇಷ್ಟ.

ಮುಖವಾಡ ಎಂದರೆ ಮುಖಕ್ಕೆ ಕಟ್ಟುವ ತಟ್ಟೆಯಲ್ಲ. ನಾರುಬಟ್ಟೆಗೆ ಅಂಟು ಹಾಕಿ ಗಟ್ಟಿಮಾಡಿ, ಬಣ್ಣ ಬಳಿದು, ಕೂದಲು ಕೂರಿಸಿ, ಇಡೀ ತಲೆಗೆ ತೊಡುವಂಥದ್ದು. ಬಾಯಿ ತೆರೆದಿರುತ್ತದೆ. ಆ ಕಾಲದ ಒಂದು ಮುಖವಾಡವೂ ಉಳಿದಿಲ್ಲ, ಬಟ್ಟೆ ಎಷ್ಟು ದಿನ ಬಾಳೀತು? ನಮಗೆ ಗೊತ್ತಿರುವುದು ಹೆಚ್ಚಾಗಿ ಮಡಕೆಗಳ ಮೇಲಿನ ಚಿತ್ರಗಳಿಂದ. ಅಂಥ ಒಂದು ದೊಡ್ಡ ಹೂಜಿ ಇಟಲಿಯ ರುವೋ ಎಂಬಲ್ಲಿ ಸಿಕ್ಕಿತು, ಈಗ ನೇಪಲ್ಸ್ ವಸ್ತುಸಂಗ್ರಹಾಲಯದಲ್ಲಿದೆ, ಕ್ರಿ.ಪೂ. 400ರ ಆಸುಪಾಸಿನದು. ನಾಟಕ ಮುಗಿಸಿದ ತಂಡದ ಗ್ರೂಪ್ ಫೋಟೋ ಎನ್ನಿ. ಹುಡುಗರು ಬಾಲವಿರುವ ಚಡ್ಡಿ ತೊಟ್ಟು, ಮುಖವಾಡ ಕೈಯಲ್ಲಿ ಹಿಡಿದು ಹರಟುತ್ತಿದ್ದಾರೆ. ಹೆರಾಕ್ಲಿಸ್ ವೇಷದವನೂ ಇದ್ದಾನೆ, ಗದೆ ಸಮೇತ. ನಾಟಕ ಬರೆದ ಕವಿ ಸುರುಳಿ ಹಿಡಿದು ಒಂದು ಪಕ್ಕದಲ್ಲಿ ಕೂತಿದ್ದಾನೆ. ಕೆಳಸಾಲಿನ ನಟ್ಟನಡುವೆ, ಎಲ್ಲರಿಗಿಂತ ಚೆಂದದ ಕಸೂತಿ ಅಂಗಿ ತೊಟ್ಟು, ಕುರ್ಚಿಯ ಮೇಲೆ ವಿರಾಜಮಾನನಾಗಿರುವವನು ಪ್ರೊನೊಮಸ್. ಅವನು ಕವಿಯಲ್ಲ, ನಟನೂ ಅಲ್ಲ. ಜೋಡಿ ಕೊಳಲು ಊದುವವನು. ಹೂಜಿಯನ್ನು ವಿದ್ವಾಂಸರು ಕರೆಯುವುದೂ ಅವನ ಹೆಸರಿನಿಂದಲೇ.

ಆ ಜೋಡಿ ಕೊಳಲಿಗೆ ಔಲಸ್ ಎಂದು ಹೆಸರು. ಕೊಳಲು ಎಂದು ಬರೆದೆನಾದರೂ ಅದಕ್ಕೆ ಪೀಪಿ ಇತ್ತು, ದನಿ ಶಹನಾಯಿ ಜಾತಿಯದು. ಎರಡು ನಳಿಗೆಗಳನ್ನು ಒಟ್ಟಿಗೆ ಬಾಯಿಗಿಟ್ಟು, ಕೆನ್ನೆ ಉಬ್ಬಿ ಒಡೆಯದಂತೆ ಚರ್ಮದ ಪಟ್ಟಿ ಬಿಗಿದು ಊದುತ್ತಿದ್ದರು. ಅದರ ಹಿಂದೆ ಮೇಳ ಕಣಕ್ಕಿಳಿಯುತ್ತದೆ: ರುದ್ರನಾಟಕಕ್ಕೆ ಮೊದಲು ಹನ್ನೆರಡು, ಸೋಫೋಕ್ಲಿಸನ ಕಾಲದಿಂದ ಹದಿನೈದು; ಹಾಸ್ಯ ನಾಟಕಕ್ಕೆ ಇಪ್ಪತ್ನಾಲ್ಕು. ಇವರು ಕಸುಬಿನ ಕಲಾವಿದರಲ್ಲ, ಊರಿನ ಪ್ರಜೆಗಳು. ತಿಂಗಳುಗಟ್ಟಲೆ ತಾಲೀಮು. ಅವರ ಊಟ, ಬಟ್ಟೆ, ತರಬೇತಿಯ ಖರ್ಚು ಊರಿನ ಒಬ್ಬ ಸಾಹುಕಾರನ ತಲೆಯ ಮೇಲೆ. ಯುದ್ಧದ ಹಡಗಿನ ಖರ್ಚು ಹೊರುವುದು ಹೇಗೋ ಹಾಗೆ ಇದೂ ಅವನು ಊರಿಗೆ ಸಲ್ಲಿಸಬೇಕಾದ ಬಾಬತ್ತು. ಕ್ರಿ.ಪೂ. 472ರಲ್ಲಿ ಈಸ್ಕಿಲಸನ ‘ಪರ್ಷಿಯನ್ನರು’ ನಾಟಕದ ಖರ್ಚು ಹೊತ್ತವನು ಮುಂದೆ ಅಥೆನ್ಸನ್ನು ಮುನ್ನಡೆಸಿದ, ಆಗಿನ್ನೂ ಎಳೆಯ ಪ್ರಾಯದ ಪೆರಿಕ್ಲಿಸ್. ನಮಗೆ ಸಿಕ್ಕಿರುವ ಗ್ರೀಕ್ ನಾಟಕಗಳಲ್ಲಿ ಅತ್ಯಂತ ಹಳೆಯದು ಅದೇ. ಬಿ.ಎಂ. ಶ್ರೀಕಂಠಯ್ಯನವರು ಅದನ್ನು ‘ಪಾರಸಿಕರು’ ಎಂದು ಕನ್ನಡಕ್ಕೆ ತಂದರು.

ಆ ನಾಟಕ ಸೋತ ಶತ್ರುಗಳ ಅರಮನೆಯಲ್ಲಿ ನಡೆಯುತ್ತದೆ. ಯುದ್ಧ ಕಾಣುವುದಿಲ್ಲ, ಸುದ್ದಿ ಬರುತ್ತದೆ. ಗ್ರೀಕ್ ನಾಟಕದ ದೊಡ್ಡ ಕಟ್ಟಳೆಯೇ ಇದು. ಕೊಲೆ ಕಣ್ಣೆದುರು ಆಗುವುದು ತೀರಾ ಅಪರೂಪ. ಈಸ್ಕಿಲಸನದೇ ಇನ್ನೊಂದು ನಾಟಕದಲ್ಲಿ ದೊರೆ ಅಗಮೆಮ್ನನ್ ಸ್ನಾನಕ್ಕೆಂದು ಒಳಗೆ ಹೋಗುತ್ತಾನೆ. ಬಾಗಿಲು ಮುಚ್ಚಿಕೊಳ್ಳುತ್ತದೆ. ಕಣದಲ್ಲಿ ಮುದುಕರ ಮೇಳ ನಿಂತಿದೆ. ಒಳಗಿನಿಂದ ಒಂದು ಚೀರು. ಸ್ವಲ್ಪ ತಡೆದು ಇನ್ನೊಂದು. ಮುದುಕರು ಒಳಗೆ ನುಗ್ಗೋಣವೇ ಬೇಡವೇ ಎಂದು ಒಬ್ಬೊಬ್ಬರೇ ಮಾತಾಡುತ್ತ ಹೊತ್ತು ಕಳೆಯುತ್ತಾರೆ. ಹನ್ನೆರಡು ಜನರ ಪುಕ್ಕಲುತನ ಮತ್ತು ಮುಚ್ಚಿದ ಒಂದು ಬಾಗಿಲು, ಇಷ್ಟರಲ್ಲೇ ಇಡೀ ಭಯ. ಕೊಲೆ ಮುಗಿದ ಮೇಲೆ ಚಕ್ರದ ಹಲಗೆಯ ಮೇಲೆ ಹೆಣಗಳನ್ನು ಹೊರಗೆ ದೂಡಿ ತೋರಿಸುತ್ತಿದ್ದರು. ದೇವರುಗಳನ್ನು ಗಾಳಿಯಲ್ಲಿ ಇಳಿಸಲು ರಾಟೆಯ ಯಂತ್ರವೂ ಇತ್ತು. ಅದರ ಮೇಲೆ ಅರಿಸ್ಟೋಫೆನಿಸನಿಗೆ ಬಹಳ ಪ್ರೀತಿ, ಗೇಲಿ ಮಾಡಲು.

ಕೂತವರು ಸಾಧುಗಳೇನಲ್ಲ. ನಟರು ಚೆನ್ನಾಗಿ ಆಡದಿದ್ದಾಗಲೇ ಜನ ಹೆಚ್ಚು ತಿಂಡಿ ತಿನ್ನುತ್ತಾರೆ ಎಂದು ಅರಿಸ್ಟಾಟಲ್ ನೀತಿಶಾಸ್ತ್ರದ ಪುಸ್ತಕದಲ್ಲಿ ಗುರುತು ಹಾಕಿದ್ದಾನೆ. ಅವನ ಶಿಷ್ಯ ಥಿಯೊಫ್ರಾಸ್ಟಸ್ ನಾಚಿಕೆಗೇಡಿಯೊಬ್ಬನ ಚಿತ್ರ ಬರೆಯುತ್ತಾನೆ: ಎಲ್ಲರ ಚಪ್ಪಾಳೆ ನಿಂತ ಮೇಲೆ ಇವನ ಚಪ್ಪಾಳೆ ಶುರು, ಎಲ್ಲರೂ ಮೆಚ್ಚಿದ ನಟನಿಗೆ ಇವನ ಸೀಟಿ, ಇಡೀ ರಂಗಮಂದಿರ ನಿಶ್ಶಬ್ದವಾಗಿರುವಾಗ ತಲೆಯೆತ್ತಿ ಒಂದು ತೇಗು. ಎಲ್ಲರೂ ತಿರುಗಿ ನೋಡಲಿ ಎಂದೇ! ಈ ಪುಣ್ಯಾತ್ಮನ ವಂಶ ಮುಂದುವರಿದಿರುವುದಕ್ಕೆ ನಾಟಕಕ್ಕೆ ಹೋಗುವ ನಾವೆಲ್ಲ ಸಾಕ್ಷಿ. ಆದರೆ ತೇಗಿನಿಂದ ಕಿರಿಕಿರಿಯಾಗಬೇಕಾದರೆ ಮೊದಲು ನಿಶ್ಶಬ್ದವಿರಬೇಕಲ್ಲ.

ಉತ್ಸವದ ನಾಟಕಗಳು ಸ್ಪರ್ಧೆಗಿಳಿಯುತ್ತಿದ್ದವು. ಅದರ ತೀರ್ಪಿನ ಪದ್ಧತಿ ಇನ್ನೂ ಮಜವಾಗಿತ್ತು. ಹತ್ತು ಕುಲಗಳಿಂದ ಚೀಟಿ ಎತ್ತಿ ಹತ್ತು ತೀರ್ಪುಗಾರರು. ಅವರು ಬರೆದುಕೊಟ್ಟ ಹತ್ತು ಹಲಗೆಗಳಲ್ಲಿ ಮತ್ತೆ ಚೀಟಿ ಎತ್ತಿದ ಹಾಗೆ ಐದನ್ನೇ ಲೆಕ್ಕಕ್ಕೆ ಹಿಡಿಯುವುದು. ಲಂಚಕ್ಕೆ ದಾರಿಯಿಲ್ಲ, ನ್ಯಾಯಕ್ಕೂ ಅಷ್ಟಕ್ಕಷ್ಟೆ. ಇಂದು ಜಗತ್ತೇ ಕೊಂಡಾಡುವ ‘ಈಡಿಪಸ್’ ಇದ್ದ ವರ್ಷ ಸೋಫೋಕ್ಲಿಸನಿಗೆ ಮೊದಲ ಸ್ಥಾನ ಸಿಗಲಿಲ್ಲ. ಗೆದ್ದವನು ಈಸ್ಕಿಲಸನ ಸೋದರಳಿಯ ಫಿಲೊಕ್ಲಿಸ್. ಅವನ ಒಂದು ನಾಟಕವೂ ಉಳಿದಿಲ್ಲ. ‘ಮೀಡಿಯಾ’ ಇದ್ದ 431ರಲ್ಲಿ ಯೂರಿಪಿಡೀಸ್ ಮೂವರಲ್ಲಿ ಮೂರನೆಯವನು.

ಸೋತರೂ ಅವನ ಹಾಡು ಜನರ ಬಾಯಲ್ಲಿತ್ತು. ಮುಂಗುಸಿ ಪ್ರಸಂಗಕ್ಕೆ ಐದು ವರ್ಷ ಮುಂಚೆ, 413ರಲ್ಲಿ, ಅಥೆನ್ಸಿನ ಸೇನೆ ಸಿಸಿಲಿಯಲ್ಲಿ ಮಣ್ಣುಮುಕ್ಕಿತು. ಏಳು ಸಾವಿರಕ್ಕೆ ಕಡಿಮೆಯಿಲ್ಲದಷ್ಟು ಸೆರೆಯಾಳುಗಳನ್ನು ಸಿರಾಕ್ಯೂಸಿನ ಕಲ್ಲಿನ ಕ್ವಾರಿಗಳಿಗೆ ದಬ್ಬಿದರು. ಹಗಲು ಬಿಸಿಲು, ರಾತ್ರಿ ಚಳಿ, ಪಕ್ಕದಲ್ಲೇ ಸತ್ತವರ ಹೆಣ. ಸಿಸಿಲಿಯವರಿಗೆ ಯೂರಿಪಿಡೀಸ್ ಎಂದರೆ ಹುಚ್ಚು. ಅವನ ಸಾಲುಗಳನ್ನು ನೆನಪಿನಿಂದ ಹೇಳಿಕೊಟ್ಟ ಕೆಲವರಿಗೆ ಬಿಡುಗಡೆ ಸಿಕ್ಕಿತು, ಓಡಿಹೋಗಿ ಅಲೆಯುತ್ತಿದ್ದ ಕೆಲವರಿಗೆ ಹಾಡಿದ್ದಕ್ಕೆ ಅನ್ನನೀರು ಸಿಕ್ಕಿತು, ಬದುಕಿ ಬಂದವರು ನೇರ ಕವಿಯ ಮನೆಗೆ ಹೋಗಿ ಕೈಮುಗಿದರು ಎಂದು ಪ್ಲುಟಾರ್ಕ್ ಬರೆದಿದ್ದಾನೆ. ಅವರ ಕೈಯಲ್ಲಿ ಪುಸ್ತಕವಿರಲಿಲ್ಲ. ಬಿಸಿಲಿನಲ್ಲಿ ಕೂತು ಕೇಳಿದ್ದು ತಲೆಯಲ್ಲಿತ್ತು. ಹೆಗೆಲೊಕಸನ ಉಸಿರು ತಪ್ಪಿದ ಬೆಳಗ್ಗೆ ಅಂಥವರಲ್ಲಿ ಕೆಲವರು ಹಲಗೆಗಳ ಮೇಲೆ ಇದ್ದಿರಬಹುದು. ಮುಂಗುಸಿ ಸಿಕ್ಕಿಬಿದ್ದದ್ದರಲ್ಲಿ ಆಶ್ಚರ್ಯವೇನು!

ಕಿವಿಯ ಮಾತು ಬಂದಾಗ ಎಪಿಡಾರಸ್ ಬಿಡುವಂತಿಲ್ಲ. ಐವತ್ತೈದು ಸಾಲಿನ ಸುಣ್ಣಕಲ್ಲಿನ ಆ ರಂಗಮಂದಿರ ಕ್ರಿ.ಪೂ. 4ನೇ ಶತಮಾನದ್ದು. ಕಣದ ನಡುವೆ ನಾಣ್ಯ ಬೀಳಿಸಿದರೆ, ಕಾಗದ ಹರಿದರೆ ಕಟ್ಟಕಡೆಯ ಸಾಲಿಗೂ ಕೇಳುತ್ತದೆ ಎಂದು ಗೈಡುಗಳು ಹೇಳುತ್ತಾರೆ. ಸಾಲು ಸಾಲು ಕಲ್ಲಿನ ಮೆಟ್ಟಿಲು ಗುಂಪಿನ ಗುಜುಗುಜುವಿನ ಮಂದ್ರ ದನಿಯನ್ನು ನುಂಗಿ, ಮಾತಿನ ತಾರ ದನಿಯನ್ನು ಮೇಲಕ್ಕೆ ಬಿಡುತ್ತದೆ ಎಂದು 2007ರಲ್ಲಿ ಅಮೆರಿಕದ ಜಾರ್ಜಿಯಾದ ವಿಜ್ಞಾನಿಗಳು ವಿವರಿಸಿದರು. 2017ರಲ್ಲಿ ನೆದರ್ಲೆಂಡ್ಸಿನ ತಂಡವೊಂದು ಉಪಕರಣ ಹೊತ್ತುಕೊಂಡು ಹೋಗಿ ಅಳೆಯಿತು. ನಾಣ್ಯ ಬಿದ್ದದ್ದು ಮೇಲಿನ ಸಾಲಿಗೆ ಗೊತ್ತಾಗಬಹುದು, ನಾಣ್ಯವೆಂದು ಗುರುತು ಸಿಗದು. ಪಿಸುಮಾತಂತೂ ಅಲ್ಲಿಯವರೆಗೆ ಏರದು. ದನಿಯೆತ್ತಿ ಆಡಿದ ಮಾತು ಮಾತ್ರ ಸ್ಪಷ್ಟ ಎಂದಿತು. ಗೈಡುಗಳಿಗೆ ಇದರಿಂದ ಬೇಸರವಾಗಿರಬಹುದು, ನಟರಿಗೆ ಆಗಬೇಕಿಲ್ಲ. ಕೆಲಸ ಮಾಡಿದ್ದು ಕಲ್ಲೊಂದೇ ಅಲ್ಲ, ಪಳಗಿದ ಗಂಟಲು ಎಂದೇ ಅದರ ಅರ್ಥ.

ರೋಮಿಗೆ ಬಂದರೆ ಬೇರೆಯದೇ ಗಾಳಿ. ಟಾರೆಂಟಮ್ಮಿನ ಗ್ರೀಕ್ ಮೂಲದ ಲಿವಿಯಸ್ ಆಂಡ್ರೊನಿಕಸ್ ಕ್ರಿ.ಪೂ. 240ರಲ್ಲಿ ಗ್ರೀಕ್ ಮಾದರಿಯ ನಾಟಕವನ್ನು ಲ್ಯಾಟಿನಿಗೆ ತಂದು ಆಡಿಸಿದ. ಅವನ ಬಗ್ಗೆ ಲಿವಿ ಎಂಬ ಇತಿಹಾಸಕಾರ ಒಂದು ಕತೆ ಹೇಳುತ್ತಾನೆ. ಜನ ‘ಮತ್ತೊಮ್ಮೆ, ಮತ್ತೊಮ್ಮೆ’ ಎಂದು ಹಾಡಿಸಿ ಹಾಡಿಸಿ ಲಿವಿಯಸನ ಗಂಟಲು ಕಟ್ಟಿತು. ಅನುಮತಿ ಕೇಳಿ, ಕೊಳಲಿನವನ ಮುಂದೆ ಒಬ್ಬ ಹುಡುಗನನ್ನು ಹಾಡಲು ನಿಲ್ಲಿಸಿ, ತಾನು ಬರೀ ಅಭಿನಯಿಸಿದ. ದನಿಯ ಹಂಗಿಲ್ಲದ್ದರಿಂದ ಅಭಿನಯ ಇನ್ನಷ್ಟು ಕಳೆಗಟ್ಟಿತಂತೆ. ನಿಜವೋ ಕಟ್ಟುಕತೆಯೋ, ಕಿವಿಯದೊಂದು ದಾರಿ, ಕಣ್ಣಿನದೊಂದು ದಾರಿ ಎಂದು ಕವಲೊಡೆದದ್ದು ಅಲ್ಲಿಂದ ಎನ್ನಬಹುದು.

ಅಥೆನ್ಸಿನಲ್ಲಿ ನಾಟಕಕ್ಕೆ ನಾಟಕವೇ ಎದುರಾಳಿ. ರೋಮಿನಲ್ಲಿ ಹಗ್ಗದ ಮೇಲೆ ನಡೆಯುವವರು, ಜಟ್ಟಿಗಳು, ಕತ್ತಿಮಲ್ಲರು. ಟೆರೆನ್ಸ್ ಅನುಭವಿಸಿದ ಪಾಡು ಕೇಳಿ. ಕಾರ್ಥೇಜಿನಲ್ಲಿ ಹುಟ್ಟಿ ಗುಲಾಮನಾಗಿ ರೋಮಿಗೆ ಬಂದು, ಬಿಡುಗಡೆ ಪಡೆದು ನಾಟಕಕಾರನಾದವನು. ಲ್ಯಾಟಿನ್ನಿನಲ್ಲಿ ಅವನಷ್ಟು ತಿಳಿಯಾಗಿ ಬರೆದವರು ಕಡಿಮೆ. ಅವನ ‘ಅತ್ತೆ’ ಎಂಬ ನಾಟಕ 165ರಲ್ಲಿ ಶುರುವಾಗುತ್ತಿದ್ದಂತೆ ಹಗ್ಗದ ನಡಿಗೆಯವರು ಬಂದರೆಂದು ಗದ್ದಲವೆದ್ದು ಆಟ ನಿಂತಿತು. 160ರಲ್ಲಿ ಮತ್ತೆ ಹಚ್ಚಿದರು. ಮೊದಲ ಭಾಗ ಕುದುರಿಕೊಂಡಿತು. ಅಷ್ಟರಲ್ಲಿ ಕತ್ತಿಮಲ್ಲರ ಕಾಳಗವಿದೆಯೆಂದು ಗಾಳಿಸುದ್ದಿ ಹಬ್ಬಿ, ಜನ ನುಗ್ಗಿ, ಜಾಗಕ್ಕೆ ಹೊಡೆದಾಡಿ, ನಾಟಕ ಎಕ್ಕುಟ್ಟಿಹೋಯಿತು. ಅದೇ ವರ್ಷ ಮೂರನೆಯ ಸಲ ತಂಡದ ಯಜಮಾನ, ಮುಪ್ಪಿನ ನಟ ಅಂಬಿವಿಯಸ್ ಟುರ್ಪಿಯೊ, ರಂಗಕ್ಕೆ ಬಂದು ಈ ಎರಡೂ ಸೋಲನ್ನು ಬಿಡಿಸಿ ಹೇಳಿ, ಈ ಸಲವಾದರೂ ಸುಮ್ಮನಿದ್ದು ಕೇಳಿ ಎಂದು ಅಂಗಲಾಚಿದ. ಆ ಅಂಗಲಾಚಿಕೆಯೇ ನಾಟಕದ ಪೀಠಿಕೆಯಾಗಿ ಉಳಿದಿದೆ. ನಾಟಕ ನಡೆಯಿತು. ಇಡೀ ‘ಅತ್ತೆ’ಗಿಂತ ಆ ಪೀಠಿಕೆಯನ್ನೇ ನಾನು ಹೆಚ್ಚು ಸಲ ಓದಿದ್ದೇನೆ.

ರೋಮಿನ ಹಿರಿಯರಿಗೆ ಕಲ್ಲಿನ ರಂಗಮಂದಿರ ಕಂಡರೆ ಆಗುತ್ತಿರಲಿಲ್ಲ. ಜನ ಮೈಗಳ್ಳರಾಗುತ್ತಾರೆಂಬ ಭಯ. 154ರಲ್ಲಿ ಕಟ್ಟತೊಡಗಿದ್ದನ್ನು ಸೆನೆಟ್ ಕೆಡವಿಸಿತು. ಹಬ್ಬಕ್ಕೆ ಮರದಲ್ಲಿ ಕಟ್ಟು, ಹಬ್ಬ ಮುಗಿದ ಮೇಲೆ ಬಿಚ್ಚು. ಕೊನೆಗೆ ಕ್ರಿ.ಪೂ. 55ರಲ್ಲಿ ಸೇನಾನಿ ಪಾಂಪೆ ಉಪಾಯ ಹೂಡಿದ. ಆಸನಗಳ ನೆತ್ತಿಯ ಮೇಲೆ ವೀನಸ್ ದೇವಿಯ ಗುಡಿ ಕಟ್ಟಿಸಿ, ಇದು ರಂಗಮಂದಿರವಲ್ಲ, ಗುಡಿಗೆ ಹತ್ತುವ ಮೆಟ್ಟಿಲು ಎಂದ. ಉದ್ಘಾಟನೆಯ ವೈಭವವನ್ನು ಸಿಸೆರೊ ಗೆಳೆಯನಿಗೆ ಬರೆದ ಪತ್ರದಲ್ಲಿ ಮೂತಿ ತಿರುಗಿಸಿಕೊಂಡೇ ಬಣ್ಣಿಸಿದ್ದಾನೆ. ಒಂದು ನಾಟಕದಲ್ಲಿ ರಂಗದ ಮೇಲೆ 600 ಹೇಸರಗತ್ತೆಗಳು, ಇನ್ನೊಂದರಲ್ಲಿ 3,000 ಪಾನಪಾತ್ರೆಗಳು. ನಿವೃತ್ತನಾಗಿದ್ದ ಹೆಸರಾಂತ ನಟ ಈಸೊಪಸನನ್ನು ಆ ದಿನಕ್ಕೆಂದು ಮತ್ತೆ ಕರೆತಂದಿದ್ದರು. ಅವನು ಒಂದು ಪ್ರತಿಜ್ಞೆಯ ಮಾತು ಎತ್ತಿಕೊಂಡ. ನಡುವೆ ದನಿ ಕೈಕೊಟ್ಟಿತು. ಹೆಗೆಲೊಕಸನಿಗೆ ಆದದ್ದೇ ಇವನಿಗೂ. ಆದರೆ ಇದು ಊರಿನ ನಗೆಯಾಗಲಿಲ್ಲ. ಕತ್ತೆಗಳ ನಡುವೆ ಕೇಳಿಸಿಕೊಂಡವರೆಷ್ಟೋ! ಸಿಸೆರೊನ ಖಾಸಗಿ ಪತ್ರದಲ್ಲಿ ಒಂದು ಸಾಲಾಗಿ ಉಳಿಯಿತು, ಅಷ್ಟೆ.

ರೋಮಿನ ಕಣ ಅರ್ಧಚಂದ್ರಾಕಾರ. ಅಲ್ಲಿ ಕುಣಿಯುವವರಿಲ್ಲ, ಗಣ್ಯರ ಪೀಠಗಳಿವೆ. ಹಿಂದೆ ಕಂಬ, ಗೂಡು, ಪ್ರತಿಮೆಗಳಿಂದ ತುಂಬಿದ ಭಾರಿ ಗೋಡೆ. ಫ್ರಾನ್ಸಿನ ಒರಾಂಜ್‌ನಲ್ಲಿ ಈಗಲೂ ನಿಂತಿರುವ ಅಂಥ ಗೋಡೆ 103 ಮೀಟರ್ ಉದ್ದ, 37 ಮೀಟರ್ ಎತ್ತರ. ಸಮುದ್ರ ಕಾಣುವುದಿಲ್ಲ. ಮೇಲೆ ಬಣ್ಣದ ಚಪ್ಪರ, ಗಾಳಿಗೆ ಕೇಸರಿ ಬೆರೆಸಿದ ನೀರಿನ ತುಂತುರು. ಪರದೆ ಆಟ ಶುರುವಾಗುವಾಗ ನೆಲದ ಗುಂಡಿಯೊಳಕ್ಕೆ ಇಳಿಯುತ್ತಿತ್ತು, ಮುಗಿದಾಗ ಏರುತ್ತಿತ್ತು. ಕುದುರೆಸವಾರರ ದಂಡು, ಸೆರೆಸಿಕ್ಕ ರಾಜರು, ರಥಗಳು ರಂಗದ ಮೇಲೆ ದಾಟಿಹೋಗುವಾಗ ನಾಲ್ಕು ತಾಸು ಪರದೆ ಇಳಿದೇ ಇರುತ್ತದೆ ಎಂದು ಕವಿ ಹೊರೇಸ್ ಗೊಣಗುತ್ತಾನೆ. ನಾಟಕದ ಸುಖವೆಲ್ಲ ಕಿವಿ ಬಿಟ್ಟು ಅಲೆದಾಡುವ ಕಣ್ಣಿಗೆ ವಲಸೆ ಹೋಯಿತು ಎಂಬುದು ಅವನ ದೂರು. ಮುಂದೆ ಜನ ಮರುಳಾದ ಪ್ಯಾಂಟೊಮೈಮ್ ನರ್ತಕನ ಮುಖವಾಡದಲ್ಲಿ ಬಾಯಿ ಮುಚ್ಚಿತ್ತು.

ಇಲ್ಲಿಂದ ಈಜಿಪ್ಟಿಗೆ ಹೋಗಬೇಕು. ರೋಮಿನ ಆಳ್ವಿಕೆಯ ಕಾಲದ ಆಕ್ಸಿರಿಂಕಸ್ ಎಂಬ ಊರಿನ ಕಸದ ದಿಬ್ಬಗಳನ್ನು ಗ್ರೆನ್‌ಫೆಲ್, ಹಂಟ್ ಎಂಬ ಇಬ್ಬರು ಇಂಗ್ಲಿಷರು 1896–97ರಿಂದ ಅಗೆಯತೊಡಗಿದರು. ಅಲ್ಲಿ ಸಿಕ್ಕ ಪಪೈರಸ್ ಹಾಳೆಗಳಲ್ಲಿ 413ನೆಯ ಸಂಖ್ಯೆಯದು ಒಂದು ಗ್ರೀಕ್ ಪ್ರಹಸನ, 1903ರಲ್ಲಿ ಅಚ್ಚಾಯಿತು. ಹಾಳೆಯ ಕಾಲ ಕ್ರಿ.ಶ. 2ನೇ ಶತಮಾನ. ಖಾರಿಟಿಯಾನ್ ಎಂಬ ಗ್ರೀಕ್ ಹುಡುಗಿ ಭಾರತದ ಕಡಲತೀರದ ರಾಜನೊಬ್ಬನ ಕೈಯಲ್ಲಿ, ಒಂದು ಗುಡಿಯಲ್ಲಿ ಸೆರೆಯಾಗಿದ್ದಾಳೆ. ಅವಳ ಅಣ್ಣ, ಒಬ್ಬ ವಿದೂಷಕ, ಇನ್ನೂ ಕೆಲವರು ಹಡಗಿನಲ್ಲಿ ಬಿಡಿಸಲು ಬರುತ್ತಾರೆ. ಯೂರಿಪಿಡೀಸನ ‘ಟಾರಿಸ್‌ನ ಇಫಿಜೀನಿಯಾ’ ನಾಟಕವನ್ನು ಮಗುಚಿ ಹಾಕಿದ ಅಣಕು ಇದು. ವಿದೂಷಕನ ಮುಖ್ಯ ಆಯುಧ ಅವನ ಹೂಸು. ರಾಜನಿಗೂ ಅವನ ಪರಿವಾರಕ್ಕೂ ನೀರು ಬೆರೆಸದ ಮದ್ಯ ಕುಡಿಸಿ, ಅಮಲೇರಿಸಿ, ಕಟ್ಟಿಹಾಕಿ ಎಲ್ಲರೂ ಪರಾರಿಯಾಗುತ್ತಾರೆ. ಡೋಲು ಎಲ್ಲೆಲ್ಲಿ ಬಾರಿಸಬೇಕೆಂದು ಹಾಳೆಯಲ್ಲಿ ಗುರುತು ಹಾಕಿದ್ದಾರೆ. ಆಡಿಸಿದವರ ಕೈಯ ಪ್ರತಿ ಇರಬೇಕು.

ರಾಜ, ಅವನ ಕಡೆಯವರು ಆಡುವುದು ಗ್ರೀಕ್ ಅಲ್ಲದ ಒಂದು ನುಡಿ, ಗ್ರೀಕ್ ಲಿಪಿಯಲ್ಲಿ. 1904ರಲ್ಲಿ ಶಾಸನತಜ್ಞ ಹುಲ್ಟ್ಸ್ ಅದು ಕನ್ನಡ ಎಂದರು. ‘ಬೇರೆ’, ‘ಕೊಂಚ’, ‘ಪಾತ್ರ’, ‘ಪಾನ’ ಎಂಬಂಥ ಪದಗಳು ಅವರಿಗೆ ಕೇಳಿಸಿದವು, ಅದೂ ಕುಡಿತದ ಸನ್ನಿವೇಶದಲ್ಲೇ. ‘ಅರ್ಥಶಾಸ್ತ್ರ’ವನ್ನು ಬೆಳಕಿಗೆ ತಂದ ಮೈಸೂರಿನ ಆರ್. ಶಾಮಶಾಸ್ತ್ರಿಗಳು, ಮಂಜೇಶ್ವರದ ಗೋವಿಂದ ಪೈಗಳು ಈ ದಾರಿಯಲ್ಲೇ ಮುಂದೆ ಹೋದರು. ಬಾರ್ನೆಟ್‌ರಂಥ ವಿದ್ವಾಂಸರು ಒಪ್ಪಲಿಲ್ಲ. ಕನ್ನಡವಲ್ಲ, ತುಳು ಎಂದವರಿದ್ದಾರೆ. ಬರೀ ಗಿಲೀಟು ಮಾತು, ನಗಿಸಲೆಂದು ಕಟ್ಟಿದ್ದು ಎಂದವರೂ ಇದ್ದಾರೆ. ನನ್ನ ಅನಿಸಿಕೆ ಕೇಳಿದರೆ, ಬಂದರಿನಲ್ಲಿ ಕಿವಿಗೆ ಬಿದ್ದ ಯಾವುದೋ ದಕ್ಷಿಣದ ನುಡಿಯ ಚೂರುಗಳನ್ನು ಯಾರೋ ನಾವಿಕ ಒಪ್ಪಿಸಿದ್ದಾನೆ, ಬರೆದುಕೊಂಡವನು ತನಗೆ ಕೇಳಿಸಿದಂತೆ ಗೀಚಿದ್ದಾನೆ. ಅದರಾಚೆಗೆ ಆಣೆ ಹಾಕಲಾರೆ. ಕನ್ನಡದ ಬಹಳ ಹಳೆಯ ಶಾಸನಗಳಲ್ಲೊಂದಾದ ಹಲ್ಮಿಡಿ ಶಾಸನವನ್ನು ಸಾಮಾನ್ಯವಾಗಿ ಕ್ರಿ.ಶ. 450ರ ಹೊತ್ತಿಗೆ ಇಡುತ್ತಾರೆ. ಈ ಹಾಳೆ ಅದಕ್ಕಿಂತ ಸುಮಾರು ಮುನ್ನೂರು ವರ್ಷ ಹಿಂದಿನದು. ಆಸೆ ಹುಟ್ಟುವುದು ಸಹಜ, ಆಸೆಯನ್ನು ಸಾಕ್ಷಿ ಎನ್ನಲಾಗದು.

ಆ ಸಾಲುಗಳು ಅಚ್ಚಿನಲ್ಲಿವೆ, ಹುಡುಕಿದರೆ ಸಿಗುತ್ತವೆ. ಸಿಕ್ಕರೆ ಕಣ್ಣಲ್ಲೇ ಓದಿ ಪಕ್ಕಕ್ಕಿಡಬೇಡಿ. ಅವು ಬಯಲಲ್ಲಿ ಕೂಗಿ ಹೇಳಲೆಂದು ಬರೆದ ಮಾತುಗಳು. ಉಸಿರು ತುಂಬಿಕೊಂಡು ಒಂದು ಸಲ ಗಟ್ಟಿಯಾಗಿ ಹೇಳಿ, ಪಕ್ಕದಲ್ಲಿದ್ದವರಿಗೆ ಏನು ಕೇಳಿಸಿತು ಎಂದು ವಿಚಾರಿಸಿ. ಕನ್ನಡ ಹೌದೋ ಅಲ್ಲವೋ ಎಂಬ ವಾದ ಆಮೇಲೆ ಮಾಡೋಣ.